ಒಗ್ಗರಣೆ ಇಲ್ಲದ ಬೀದಿ

ಅಬ್ಬಿಗೆರೆಯಲ್ಲಿ ಆಗ ಯಾರಿಗೂ ಮೈ ಬೆಚ್ಚಗಾಗಿದ್ದ ಸುದ್ದಿ ಇರಲಿಲ್ಲ. ಆದರೂ ಬೇಸಿಗೆಯ ಒಂದು ಬೆಳಗ್ಗೆ ಸರ್ಕಾರದ ಗಾಡಿಯೊಂದು ಚಾವಡಿಯ ಮುಂದೆ ನಿಂತು, ಮಡಿಸಿದ ಡೇರೆ, ರೋಗಿಯನ್ನು ಹೊರುವ ಸ್ಟ್ರೆಚರು, ಬ್ಲೀಚಿಂಗ್ ಪೌಡರಿನ ಡ್ರಮ್ಮು ಮತ್ತು ಒಂದು ಗಂಟು ಕಂಬಳಿ ಇಳಿಸಿ ಹೋಯಿತು. ಅವುಗಳ ಜೊತೆಗೆ ಉಳಿದವನು ಅತಾವುಲ್ಲಾ, ಸಿಡುಬಿನ ದಾಕು, ಅಂದರೆ ಲಸಿಕೆ, ಹಾಕುವವನು. ತುಮಕೂರು ರಸ್ತೆಯ ಕಡೆ ಸಿಡುಬು ಎದ್ದಿದೆ, ಇಲ್ಲಿಗೂ ಬರಬಹುದು, ಬಂದ ಮೇಲೆ ಒದ್ದಾಡುವುದಕ್ಕಿಂತ ಮೊದಲೇ ಸಿದ್ಧವಾಗಿರೋಣ ಎಂದು ಅವನು ಸುತ್ತ ನೆರೆದವರಿಗೆ ಹೇಳಿದ.

"ಯಾರ್ಗೂ ಏನೂ ಆಗ್ದೆ ಡೇರೆ ಯಾಕ್ ತಂದ್ರಿ ಸಾಬ್ರೇ?" ಎಂದು ಕೇಳಿದವಳು ನಾರಾಯಣಮ್ಮ.

"ಮಳೆಗೆ ಮುಂಚೆ ಸೂರು ಹೊದಿಸಲ್ವೇನಮ್ಮ?"

"ಒದುಸ್ತೀವಿ. ಮಳೆಗಾಲ ಯಾವಾಗ ಅಂತ ನಮಗ್ ಗೊತ್ತು. ಇದು ಬರತ್ತೆ ಅಂತ ನಿಮ್ಗೆಂಗ್ ಗೊತ್ತಾಯ್ತು?"

ಜನ ನಕ್ಕರು. ಅತಾವುಲ್ಲಾನೂ ನಕ್ಕ. ಆದರೆ ಆ ಪ್ರಶ್ನೆ ನಗುವಿನ ಜೊತೆಗೆ ಹೋಗಲಿಲ್ಲ, ಮನೆಮನೆಗೂ ಹೊಕ್ಕಿತು. ಸರ್ಕಾರ ಸುಮ್ಮನೆ ಡೇರೆ ಕಳಿಸುತ್ತದೆಯೇ? ಊರಿನಲ್ಲಿ ಯಾರ ಮನೆಗೋ ಆಗಲೇ ಅಮ್ಮ ಬಂದಿರಬೇಕು, ಮನೆಯವರು ಮುಚ್ಚಿಟ್ಟಿರಬೇಕು.

ಅಮ್ಮ ಬಂದ ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ. ಎಣ್ಣೆಯ ಚೊಯ್ಯೆನ್ನುವ ಸದ್ದು, ಸಾಸಿವೆಯ ಘಾಟು ಅವಳಿಗೆ ಆಗದು. ಪಕ್ಕದ ಮನೆಗೆ ಬಂದಿದ್ದರೂ ಅಷ್ಟೆ, ಅವಳ ಮರ್ಯಾದೆಗೆ ನೆರೆಯವರೂ ನಿಲ್ಲಿಸಬೇಕು. ಯಾರ ಮನೆ ಎಂದು ತಿಳಿಯದೆ ಮೊದಲು ಒಬ್ಬಳು ನಿಲ್ಲಿಸಿದಳು. ಅವಳ ಒಲೆಯ ವಾಸನೆ ನಿಂತದ್ದನ್ನು ಕಂಡು ಎದುರು ಮನೆಯವಳು ನಿಲ್ಲಿಸಿದಳು. ಹಾಗೇ ನೋಡನೋಡುತ್ತ ಇಡೀ ಬೀದಿ ಸಪ್ಪೆ ಸಾರಿನಲ್ಲಿ ಮುದ್ದೆ ಅದ್ದಿ ನುಂಗತೊಡಗಿತು. ಒಬ್ಬರೂ ಏಕೆಂದು ಕೇಳಲಿಲ್ಲ. ಕೇಳಿದವರ ಮನೆಯ ಮೇಲೇ ಅನುಮಾನ ಬರುತ್ತಿತ್ತು.

ಅತಾವುಲ್ಲಾನಿಗೆ ಈ ಪದ್ಧತಿ ಗೊತ್ತಿತ್ತು. ಯಾವ ಊರಿಗೆ ಹೋದರೂ ಅಡುಗೆಯ ಹೊತ್ತಿಗೆ ಬೀದಿ ಸುತ್ತಿ, ಒಗ್ಗರಣೆ ವಾಸನೆ ಇಲ್ಲದ ಮನೆಯ ಬಾಗಿಲು ತಟ್ಟುವುದು ಅವನ ರೂಢಿ. ಇಲ್ಲಿ ಈ ತುದಿಯಿಂದ ಆ ತುದಿಯವರೆಗೆ ಮೂಗೆತ್ತಿಕೊಂಡು ನಡೆದ. ಒಂದು ಮನೆಯೂ ಘಮ್ಮೆನ್ನಲಿಲ್ಲ. ಜಗುಲಿಯ ಮೇಲೆ ಕೂತಿದ್ದ ಪಿಳ್ಳಣ್ಣ, "ಏನ್ ಸಾಬ್ರೇ, ನೆಗಡಿಯಾ?" ಎಂದು ಛೇಡಿಸಿದ.

ನಾರಾಯಣಮ್ಮನ ಮನೆಯಲ್ಲಿ ಮಗಳು ಮುನಿಯಲ್ಲಮ್ಮ ಬಾಣಂತಿ. ಕೂಸಿಗೆ ಇನ್ನೂ ಹೆಸರಿಟ್ಟಿರಲಿಲ್ಲ. ಅತಾವುಲ್ಲಾ ಬಾಗಿಲಿಗೆ ಬಂದು, "ಕೂಸಿಗೆ ಹಾಕಿಸಿಬಿಡಿ ತಾಯಿ," ಎಂದ.

"ಅಮ್ಮ ಇರೋ ಬೀದೀಲಿ ಸೂಜಿ ಮುಟ್ಟುಸ್ಬಾರ್ದು. ಅವಳಿಗೆ ಎದುರ್ ನಿಂತಂಗೆ."

"ಊರಲ್ಲಿ ಇಲ್ಲ ಅಂತ ನೀವೇ ಹೇಳ್ತಾ ಇದೀರಲ್ಲ?"

"ಇಲ್ಲ ಅಂತ ಏಳ್ತಾವ್ರೆ, ಅಷ್ಟೆ. ಗೊತ್ತಾಗ್ಲಿ, ಆಮೇಲ್ ನೋಡಣ."

ಅತಾವುಲ್ಲಾ ಚೀಲ ಹೆಗಲಿಗೇರಿಸಿಕೊಂಡ. "ಸೋಂಕು ತಗುಲಿದ ಮೇಲೂ ಬೇಗ ಹಾಕಿದ್ರೆ ಮಗು ಉಳಿಯುತ್ತೆ. ಗುಳ್ಳೆ ಎದ್ದ ಮೇಲೆ ನನ್ನ ಕೈಲಿ ಏನೂ ಇಲ್ಲ." ಅವನು ಹೆದರಿಸುತ್ತಿದ್ದಾನೋ, ಇದ್ದದ್ದನ್ನು ಹೇಳುತ್ತಿದ್ದಾನೋ ನಾರಾಯಣಮ್ಮನಿಗೆ ತಿಳಿಯಲಿಲ್ಲ.

ಮರುದಿನ ಗೋಡೆಯಾಚೆಯ ಸೊಣ್ಣಪ್ಪನ ಮನೆಯಿಂದ ಸಾಸಿವೆಯ ವಾಸನೆ ಎದ್ದಿತು. ಸೊಣ್ಣಪ್ಪ ಸೈಕಲ್ಲಿನಲ್ಲಿ ಯಶವಂತಪುರಕ್ಕೆ ಹಾಲು ಹಾಕುವವನು. ಅವನ ಹೆಂಡತಿ ಮುನಿಕೆಂಪಮ್ಮ ಎಳೆಗೂಸುಗಳಿಗೆ ನೀರೆರೆಯುವುದರಲ್ಲಿ ಎತ್ತಿದ ಕೈ. ಮುನಿಯಲ್ಲಮ್ಮನ ಕೂಸನ್ನೂ ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕಿ ಎರೆಯುತ್ತಿದ್ದವಳು ಅವಳೇ. ಮೊನ್ನೆ ಎರೆದು ಹೋದವಳು ಸೊಂಟ ಹಿಡಿದಿದೆ ಎಂದು ಹೇಳಿಕಳಿಸಿ, ಆಮೇಲೆ ಬಂದಿರಲಿಲ್ಲ.

"ಅಂತೂ ಸೊಣ್ಣಪ್ಪನ ಮನೇಲಿ ಏನೂ ಇಲ್ಲ ಅಂತಾಯ್ತು," ಎಂದ ಪಿಳ್ಳಣ್ಣ. "ಆ ವಾಸ್ನೆ ನೆಂಚ್ಕೊಂಡೇ ಒಂದ್ ಮುದ್ದೆ ನುಂಗ್ಬೋದು ಕಣ್ರೋ." ಅತಾವುಲ್ಲಾ ಆ ಬಾಗಿಲು ಬಿಟ್ಟು ಮುಂದಿನ ಮನೆ ತಟ್ಟಿದ.

ನಾರಾಯಣಮ್ಮನಿಗೂ ಮೊದಲು ಸಮಾಧಾನವೇ ಆಯಿತು. ಆಮೇಲೆ ಮೂಗು ತಕರಾರು ಮಾಡಿತು. ಸಾಸಿವೆ ಸೀದಿತ್ತು. ಒಂದೇ ಗೋಡೆಯ ಎರಡು ಬದಿಯಲ್ಲಿ ಮದುವೆಯಾದಾಗಿನಿಂದ ಅಡುಗೆ ಮಾಡಿಕೊಂಡು ಬಂದವರು ಅವರು. ಸಾಸಿವೆ ಸಿಡಿದ ಕೂಡಲೇ ಮುನಿಕೆಂಪಮ್ಮ ಸೌಟನ್ನು ಉರಿಯಿಂದ ಎತ್ತುತ್ತಿದ್ದಳು. ಮಧ್ಯಾಹ್ನ ಮತ್ತೆ ವಾಸನೆ ಬಂತು, ಮತ್ತೆ ಸೀದದ್ದು. ಆದರೆ ಬಿಸಿ ಎಣ್ಣೆಯನ್ನು ಸಾರಿಗೆ ಸುರಿದ ಸದ್ದೇ ಬರಲಿಲ್ಲ. ಯಾವ ಸಾರಿಗೂ ಅಲ್ಲದ ಒಗ್ಗರಣೆ.

ಹಿತ್ತಿಲಿಗೆ ಹೋಗಿ ಕೂಗಿದಳು: "ಮುನಿಕೆಂಪಮ್ಮಾ!"

ಬಾಗಿಲು ಗೇಣಷ್ಟು ತೆರೆಯಿತು. ಸೊಣ್ಣಪ್ಪ. ಕೈಯಲ್ಲಿ ಕಬ್ಬಿಣದ ಸೌಟು.

"ಒಳಗವ್ಳೆ ಅಕ್ಕ. ಅಡ್ಗೆ ಮಾಡ್ತಾವ್ಳೆ."

"ಅವ್ಳು ಅಡ್ಗೆ ಮಾಡಾಗ ಸೌಟು ನಿನ್ ಕೈಗೆ ಯಾವಾಗಿಂದ ಬಂತೋ?"

ಅವನು ಸೌಟನ್ನು ಬೆನ್ನ ಹಿಂದೆ ಮಾಡಿಕೊಂಡ. ಒಳಗಿನಿಂದ ಯಾರೋ ನೀರು ಕೇಳಿದರು. ದನಿ ಹೆಂಗಸಿನದು, ಒಣಗಿತ್ತು. ನೆಲದ ಮೇಲೆ ಹಾಸಿದ ಬೇವಿನ ಸೊಪ್ಪಿನ ಒಂದು ಅಂಚು ಕಂಡಿತು, ಅಷ್ಟೆ.

"ಅಕ್ಕಾ, ಬಾಯ್ ಬಿಡ್ಬ್ಯಾಡ," ಎಂದ ಸೊಣ್ಣಪ್ಪ. "ನನ್ ಆಲು ಒಬ್ರೂ ಮುಟ್ಟಲ್ಲ. ಅದ್ ಓಗ್ಲಿ, ಅವ್ಳನ್ನ ಡೇರೇಗೆ ಎತ್ಕೊಂಡೋಯ್ತಾರೆ. ಅಲ್ಲಿಂದ ವಾಪಸ್ ಬಂದೋರ್ನ ನೀನ್ ನೋಡಿದೀಯಾ?"

ನೋಡಿರಲಿಲ್ಲ. ಡೇರೆಗೆ ಹೋದವರನ್ನೂ ನೋಡಿರಲಿಲ್ಲ.

"ಅಮ್ಮ ಮೈಮೇಲಿರೋವಾಗ್ಲೇ ಸಾಸಿವೆ ಸುಟ್ಯಲ್ಲೋ."

"ಸಾಬಿ ಮೂಗಿಗೆ ಸುಟ್ಟೆ. ಅವ್ಳ ಕಾಲ್ ಇಡ್ಕೊಂಡು ತಪ್ಪಾಯ್ತು ಅಂತ ಕೇಳ್ಕೊಂಡೇ ಸುಟ್ಟೆ."

ನಾರಾಯಣಮ್ಮ ಅಲ್ಲಿಂದಲೇ ತಿರುಗಿದಳು. ಮನೆಗೆ ಬಂದವಳೇ ತೊಟ್ಟಿಲಿನಿಂದ ಕೂಸನ್ನು ಎತ್ತಿಕೊಂಡಳು. ಅದರ ನೆತ್ತಿಯಲ್ಲಿ ಮುನಿಕೆಂಪಮ್ಮ ತಟ್ಟಿದ ಹರಳೆಣ್ಣೆಯ ಜಿಡ್ಡು ಇನ್ನೂ ಇತ್ತು. "ಎಲ್ಲಿಗವ್ವಾ?" ಎಂದು ಮಗಳು ಕೇಳಿದ್ದಕ್ಕೆ, "ನೀನೂ ಬಾ," ಎಂದಷ್ಟೇ ಹೇಳಿದಳು. ಎದುರು ನಿಂತರೆ ಅಮ್ಮ ಮುನಿಯುತ್ತಾಳೆ ಎಂಬ ಹೆದರಿಕೆ ಹೋಗಿರಲಿಲ್ಲ. ಹೆದರಿಕೆಯನ್ನೂ ಕೂಸಿನ ಜೊತೆ ಸೆರಗಿನಲ್ಲಿ ಸುತ್ತಿಕೊಂಡೇ ನಡೆದಳು.

ಚಾವಡಿಯಲ್ಲಿ ಅತಾವುಲ್ಲಾ ಪುಟ್ಟ ತೋಳಿನ ಮೇಲೆ ಔಷಧಿಯ ಹನಿ ಇಟ್ಟು, ಸೂಜಿಮೊನೆಗಳಿದ್ದ ಬಿಲ್ಲೆಯನ್ನು ಒತ್ತಿ ತಿರುಗಿಸಿದ. ಕೂಸು ಉಸಿರು ಕಟ್ಟಿ ಅತ್ತಿತು. ಬಾಣಂತಿಗೂ ಹಾಕಿದ ಮೇಲೆ ಮೆಲ್ಲಗೆ ಕೇಳಿದ:

"ನಿನ್ನೆ ಬೇಡ ಅಂದ್ರಿ. ಇವತ್ತು ಓಡಿ ಬಂದಿದೀರ. ಯಾವ ಮನೆ ತಾಯಿ?"

ಸುಮ್ಮನೆ ಎದ್ದು ಹೋಗಬಹುದಿತ್ತು. ತನ್ನ ಕೂಸಿನ ಕೆಲಸ ಆಗಿತ್ತು. ಆದರೆ ಮುನಿಕೆಂಪಮ್ಮ ಎರೆಯುತ್ತಿದ್ದದ್ದು ಒಂದೇ ಕೂಸನ್ನಲ್ಲ. ಬಾಗಿಲಲ್ಲಿ ಪಿಳ್ಳಣ್ಣ ಬಂದು ನಿಂತಿದ್ದ, ನಗದೆ, ಅವಳ ಬಾಯನ್ನೇ ನೋಡುತ್ತ. ಅವನ ಮೊಮ್ಮಗನಿಗೂ ಅವಳೇ ಎರೆಯುತ್ತಿದ್ದದ್ದು.

"ನಮ್ ಗೋಡೆ ಆಚೇದು," ಎಂದಳು.

ಹೊತ್ತು ಮುಳುಗುವ ಮುಂಚೆ ಡೇರೆ ಎದ್ದಿತು, ಸ್ಟ್ರೆಚರು ಬೀದಿಗೆ ಬಂತು. ಬಾಗಿಲುಗಳೆಲ್ಲ ಅರೆ ತೆರೆದವು. ಸೊಣ್ಣಪ್ಪ ಹಿಂದೆ ಹಿಂದೆ ನಡೆದ. ನಾರಾಯಣಮ್ಮನ ಕಡೆ ಒಮ್ಮೆಯೂ ತಿರುಗಲಿಲ್ಲ. ಆದರೆ ಕಂಬಳಿಯೊಳಗಿಂದ ಮುನಿಕೆಂಪಮ್ಮ ಕೈ ಅಲ್ಲಾಡಿಸಿ, ಹೊತ್ತವರನ್ನು ನಾರಾಯಣಮ್ಮನ ಬಾಗಿಲ ಮುಂದೆಯೇ ನಿಲ್ಲಿಸಿದಳು. ಅವಳ ಮುಖವನ್ನು ನೋಡಲು ನಾರಾಯಣಮ್ಮನಿಗೆ ಆಗಲಿಲ್ಲ.

"ಕೂಸಿಗೆ ಆಕುಸ್ದಾ ಅಕ್ಕ?"

"ಊಂ."

"ಮೊದ್ಲು ಅದ್ಕೆ ಆಕುಸ್ದ್ಯಾ, ಇಲ್ಲಾ ಮೊದ್ಲು ನನ್ ಸುದ್ದಿ ಏಳ್ದ್ಯಾ?"

ಮರುಕವೋ, ಮೊನಚೋ ಆ ಒಣ ದನಿಯಲ್ಲಿ ಗೊತ್ತಾಗಲಿಲ್ಲ. ಅಷ್ಟರಲ್ಲಿ ಹೊತ್ತವರು ಹೆಗಲು ಬದಲಿಸಿ ಮುಂದೆ ನಡೆದಿದ್ದರು.