ಅವ್ವನಿಗೆ ಸಿಗುವ ಹೆಸರು

ಮೊಬೈಲು ಟುಣ್ ಎಂದು ಮತ್ತೆ ಸುಮ್ಮನಾಯಿತು, ಅವ್ವನ ತುಟಿ ಅರ್ಧ ತೆರೆದು ಹಾಗೇ ನಿಂತಿದೆ, ಮಾತಾಡಬೇ ಯವ್ವಾ, ಅದು ಕೇಳಾಕತ್ತೈತಿ, ಎಂದಳು ಕೋಮಲ, ಸಾವಿತ್ರವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು, ಏನಂತ ಕೇಳ್ಲಿ, ನಿಮ್ಮಪ್ಪನ ಹೆಸರ ಹಿಡದ ಕರೀಲೇನ ನಾ—ಅಯ್ಯೋ, ಇದು ತನಗೆ ಹೊಳೆಯಲೇ ಇಲ್ಲವಲ್ಲ ಎಂದುಕೊಂಡಳು ಮಗಳು, ಬಾಗೇವಾಡಿಯಲ್ಲಿ ಕಂಪ್ಯೂಟರ್ ಕ್ಲಾಸು ಮುಗಿಸಿ ಬಂದು ದಿನಾ ಕೂತು ಕಟ್ಟಿದ ಮೊಬೈಲು ತಂತ್ರಾಂಶ, ದೊಡ್ಡವರಿಗೆ ಅಕ್ಷರ ಕಲಿಸುವುದು, ಅಪ್ಪ ಊರ ಮಸೂತಿಯ ಕಟ್ಟೆಯಲ್ಲಿ ಸಂಜೆ ಕಂದೀಲು ಹಚ್ಚಿ ಕಲಿಸಿದ ಹಾಗೇ, ಮೊದಲು ಅವರವರ ಹೆಸರು, ಆಮೇಲೆ ಬಸ್ಸಿನ ಬೋರ್ಡು, ಅದಕ್ಕೇ ಚಂದಪ್ಪ ಮಾಸ್ತರ ಎಂದು ಹೆಸರಿಟ್ಟಳು, ಆಸ್ಪತ್ರೆಯಲ್ಲಿ ಅಪ್ಪನ ತಣ್ಣಗಿನ ಕೈ ಹಿಡಿದು ಮಾತು ಕೊಟ್ಟಿದ್ದಳು, ನಿನ್ನ ಹೆಸರ ಇಡ್ತೇನಿ ಯಪ್ಪಾ—ಓದು ಬಾರದವರು ಟೈಪು ಮಾಡುತ್ತಾರೆಯೇ, ಮೊಬೈಲಿಗೆ ಬಾಯಿಂದಲೇ ಹೆಸರು ಹೇಳಿ ಹುಡುಕಬೇಕು, ಅವ್ವನ ಈ ಬಾಯಿಯೋ, ಗಂಡ ಸತ್ತ ಮೇಲೂ ಅವನ ಹೆಸರು ಆಡದ್ದು, ಪಕ್ಕದ ಮನೆಯವಳ ಮಾವನೂ ಚಂದಪ್ಪನೇ, ಅವಳೂ ಆಡಳು, ಅಪ್ಪ ಊರಿಗೆಲ್ಲ ಕಲಿಸಿದ, ನೀ ಯಾಕ ಕಲೀಲಿಲ್ಲಬೇ ಎಂದರೆ, ಹೋಗ, ಗಂಡನ ಮುಂದ ಪಾಟಿ ಹಿಡಕೊಂಡ ಕುಂದ್ರತಾರೇನ, ರೊಟ್ಟಿ ಯಾರ ಬಡೀಬೇಕಿತ್ತ, ಎಂದು ನಗುತ್ತಿದ್ದವಳು ಅವನು ಹೋದ ಮೇಲೆ ಮೆಲ್ಲಗೆ ಕೇಳಿದಳು, ನನಗೂ ಓದಾಕ ಕಲಸ—ಮತ್ತ ನೀ ಏನಂತ ಹುಡುಕ್ತಿ, ಹೇಳು, ಎಂದಳು ಕೋಮಲ, ಮುದುಕರ ಸಾಲಿ ಅಂತೇನಿ, ಮಂದಿ ಎಲ್ಲಾ ಹಂಗ ಅಂತಿದ್ರಲ್ಲ, ಎಂದಳು ಅವ್ವ, ಹೌದು, ಅಪ್ಪನ ಶಾಲೆಯನ್ನು ಹಲ್ಲು ಕಿಸಿದು ಹಾಗೇ ಅನ್ನುತ್ತಿದ್ದರು, ಓಣಿಯ ಪರಶು ಕಾಕಾ ಹಾದಿಯಿಂದಲೇ ಕೂಗುವುದು, ಏನ್ರಿ ಮಾಸ್ತರ, ಮುದುಕರ ಸಾಲಿ ಗಂಟಿ ಹೊಡೀತೇನ್ರಿ, ಇಂದ ಯಾರ ಉಚ್ಚಿಗೆ ರಜಾ ಕೇಳ್ಯಾರ್ರಿ, ಅಪ್ಪನೂ ನಗುತ್ತಿದ್ದ, ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ, ಅದೇ ಅಣಕವನ್ನು ಮಗಳು ಬೋರ್ಡು ಬರೆದು ತೂಗುಹಾಕುವುದೇ—ಆದರೆ ಚಂದಪ್ಪ ಎಂದು ಹುಡುಕಿದರೆ ಯಾರ್ಯಾರದೋ ಮದುವೆ, ಯಾರದೋ ಟ್ರ್ಯಾಕ್ಟರು, ಯಾರದೋ ಚುನಾವಣೆ, ಮುದುಕರ ಸಾಲಿ ಎಂದರೆ ಏನೂ ಇಲ್ಲ, ಯಾರೂ ಇಟ್ಟುಕೊಳ್ಳದ ಹೆಸರು, ಯಾರ ಬಾಯಿಗೂ ಬರುವ ಹೆಸರು, ಇಂಡಿಯಲ್ಲೊಬ್ಬ ಅಜ್ಜಿ, ಸಿಂದಗಿಯಲ್ಲೊಬ್ಬಳು, ಹೊಲದ ಬದುವಿನಲ್ಲಿ ಕೂತು ಕೇಳಿದರೂ ಸಿಗಬೇಕು, ನಾಳೆ ತಂತ್ರಾಂಶವನ್ನು ಎಲ್ಲರಿಗೂ ಬಿಡಬೇಕು, ಕೋಮಲ ಹೆಸರಿನ ಚೌಕದಲ್ಲಿ ಬೆರಳಿಟ್ಟಳು, ಮಾಸ್ತರ ಹೋಯಿತು, ಅಪ್ಪ ಹೋಯಿತು, ಚಂದ ಎಂಬಲ್ಲಿ ಬೆರಳು ತಡೆಯಿತು, ಅದೂ ಹೋಯಿತು, ಏನ ಅಳಿಸಿದ್ಯವಾ, ಅವ್ವ ಬಗ್ಗಿ ಆ ಬಿಳಿಯ ಚೌಕವನ್ನು ನೋಡುತ್ತಿದ್ದಾಳೆ, ಅಪ್ಪನ ಹೆಸರನ್ನೇ ಅಳಿಸಿದೆ ಎಂದು ಹೇಳಬೇಕು, ಹೇಳಲು ಬಾಯಿ ತೆರೆದಳು, ಅವ್ವ ಮಗಳ ಬಾಯನ್ನೇ ಕಾಯುತ್ತಿದ್ದಾಳೆ, ಅವ್ವನ ತುಟಿಯೂ, ಅರ್ಧ ತೆರೆದ ಆ ತುಟಿ, ಅರ್ಧ ತೆರೆದು