ಅಬ್ಬೋಲಿ ದಂಡೆ

ಶುಕ್ರವಾರ ಸಂಜೆ ಶಾಲೆಯ ವಾಟ್ಸ್ಯಾಪ್ ಗುಂಪಿಗೆ ಒಂದು ಫೋಟೋ ಬಂತು. ನನ್ನ ಮಗಳು ವಿಜೇತಾ ಬಿಳಿ ಕರಾಟೆ ದಿರಿಸು ಹಾಕಿಕೊಂಡು ಒಂದು ಕಾಲೆತ್ತಿ ನಿಂತಿದ್ದಳು. ಕೆಳಗೆ ‘ಇಂದಿನ ಕರಾಟೆ ತರಗತಿ’ ಎಂದು ಬರೆದಿತ್ತು. ಉಳಿದ ತಾಯಂದಿರೆಲ್ಲ ಚಪ್ಪಾಳೆ, ಹೃದಯ ಕಳಿಸುತ್ತಿದ್ದರು. ನಾನು ಮಾತ್ರ ಅವಳ ಜಡೆಯನ್ನೇ ನೋಡುತ್ತ ಕುಳಿತೆ. ಜಡೆಯಲ್ಲಿ ಅಬ್ಬೋಲಿ ದಂಡೆಯಿತ್ತು, ಘಟ್ಟದ ಮೇಲಿನವರು ಕನಕಾಂಬರ ಅನ್ನುವ ಹೂವಿನದು.

ಆ ದಂಡೆ ಕಟ್ಟಿದವಳು ನನ್ನ ಅವ್ವಿ ಬೊಮ್ಮಿ. ಸೋಮವಾರ ಅಂಕೋಲೆಯಿಂದ ಹೂವಿನ ಪೊಟ್ಟಣ ಹಿಡಿದು ಬಂದವಳು, ಮಂಗಳವಾರ ಬೆಳಿಗ್ಗೆ ನಡುನಡುವೆ ಮರುಗ ಸೇರಿಸಿ ಕಟ್ಟಿ ಮೊಮ್ಮಗಳಿಗೆ ಮುಡಿಸಿ ಶಾಲೆಗೆ ಕಳಿಸಿದ್ದಳು. ಸಂಜೆ ಅದನ್ನು ಬಿಚ್ಚಿ ತೆಂಗಿನ ಬುಡಕ್ಕೆ ಹಾಕಿದವಳು ನಾನೇ. ಶುಕ್ರವಾರ ಮಗಳು ವ್ಯಾನು ಹತ್ತಿದ್ದು ಬರೀ ನೀಲಿ ರಿಬ್ಬನ್ನಿನಲ್ಲಿ.

ಹಿಂದಿನ ಫೋಟೋಗಳನ್ನು ತೆಗೆದು ನೋಡಿದೆ. ಬುಧವಾರ ‘ತೋಟಗಾರಿಕೆ’: ಕೈಯಲ್ಲಿ ನೀರಿನ ಝಾರಿ, ಜಡೆಯಲ್ಲಿ ಅಬ್ಬೋಲಿ. ಗುರುವಾರ ‘ಮನಸ್ಸಿನ ಮಾತು’. ಮಕ್ಕಳು ದುಂಡಗೆ ಕುಳಿತು ತಮಗೆ ಬೇಜಾರಾದದ್ದು, ಹೆದರಿಕೆಯಾದದ್ದು ಟೀಚರಿಗೆ ಹೇಳಿಕೊಳ್ಳುವ ತರಗತಿಯಂತೆ. ಅಲ್ಲೂ ಅದೇ ದಂಡೆ, ಅದೇ ಮರುಗ. ಎಲ್ಲ ಫೋಟೋದಲ್ಲೂ ನನ್ನ ಮಗಳು ನಗುತ್ತಿದ್ದಳು.

ನನಗೆ ಅನುಮಾನ ಹುಟ್ಟುಗುಣ. ಕಿವಿರು ಎತ್ತಿ ನೋಡದೆ ಬಂಗಡೆ ಕೊಂಡವಳಲ್ಲ ನಾನು. ಮೀನು ಮಾರುವ ಹೆಂಗಸರು ನನ್ನನ್ನು ದೂರದಿಂದ ಕಂಡರೇ ಮುಖ ತಿರುಗಿಸುತ್ತಾರೆ. ಆದರೆ ನನ್ನ ಗಂಡ ವಿಕಾಸ ಹಾಗಲ್ಲ, ಯಾರು ಏನು ಹೇಳಿದರೂ ನಂಬುವ ಪೈಕಿ. ಅವರು ಕೈಗಾದ ಕಂಪನಿ ಬಸ್ಸಿನಿಂದ ಇಳಿದು ಚಿತ್ತಾಕುಲದ ಮನೆಗೆ ಬಂದು ಕೈಕಾಲು ತೊಳೆಯುವಷ್ಟೂ ಪುರಸೊತ್ತು ಕೊಡದೆ ಮೊಬೈಲು ಮುಖಕ್ಕೆ ಹಿಡಿದೆ.

“ಎಂತಾ ನೀತಾ, ಹೂವಿನ ಮೇಲೂ ಅನುಮಾನಾ ನಿಂಗೆ? ಅಬ್ಬೋಲಿ ನಾಕು ದಿನ ಬಾಡೂದಿಲ್ಲ.”

“ಬಾಡೂದಿಲ್ಲ, ಖರೆ. ತೆಂಗಿನ ಬುಡದಿಂದ ಎದ್ದು ಜಡೆಗೆ ಹೋಗಿ ಕೂರ್ತದ್ಯಾ?”

ಅವರು ನಕ್ಕುಬಿಟ್ಟರು. “ಫೋಟೋ ಯಾವತ್ತು ತೆಗೆದ್ರೆ ಎಂತಾ? ಮಗು ಅಳೂದು ಬಿಟ್ಟದೆ. ಅದಕ್ಕಿಂತ ಹೆಚ್ಚು ಎಂತಾ ಬೇಕು?”

ಅದೂ ಸುಳ್ಳಲ್ಲ. ಅವಳನ್ನು ಕಾರವಾರದ ಆ ಖಾಸಗಿ ಶಾಲೆಗೆ ಸೇರಿಸಿದ್ದೇ ಅಳುವಿನ ದೆಸೆಯಿಂದ. ಅಂಗನವಾಡಿಯಲ್ಲಿ ಬೆಕ್ಕು ಬಂದರೆ ಅಳು, ಬೆಕ್ಕು ಹೋದರೆ ಅಳು. ಮದುವೆಮನೆಯಲ್ಲಿ ವಾಲಗ ಶುರುವಾದರೆ ನಾನು ಅವಳನ್ನೆತ್ತಿಕೊಂಡು ಹೊರಗೆ ನಿಲ್ಲಬೇಕಿತ್ತು. ‘ಓದು, ಆರೈಕೆ, ಚಟುವಟಿಕೆ: ಮೂರರಲ್ಲೂ ಗುಣಮಟ್ಟ’ ಎಂದು ಆ ಶಾಲೆಯ ಗೇಟಿನ ಮೇಲೆ ಬರೆದಿದೆ. ನಾನು ಆಸೆಪಟ್ಟದ್ದು ನಡುವಿನ ಮಾತಿಗೆ. ಸೇರಿಸಿ ಒಂದು ವರ್ಷವಾಗುವುದರೊಳಗೆ ಅವಳ ಅಳು ನಿಂತಿತು. ಅವ್ವಿಯಂತೂ ಅಂಕೋಲೆ ಪೇಟೆಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಆ ಶಾಲೆಯನ್ನು ಹೊಗಳಿದ್ದೇ ಹೊಗಳಿದ್ದು.

ಓದಿನಲ್ಲಿ ತಪ್ಪು ಹುಡುಕಲು ಹೋಗಿ ಸೋತೆ. ಆರು ವರ್ಷದ ಹುಡುಗಿ ಕನ್ನಡ, ಇಂಗ್ಲಿಷು ಎರಡನ್ನೂ ಗಡಗಡ ಓದುತ್ತಾಳೆ. ಇನ್ನು ಕೇಳಬೇಕಾದ್ದು ಅವಳನ್ನೇ. ಭಾನುವಾರ ತಲೆಗೆ ಎಣ್ಣೆ ತಿಕ್ಕುತ್ತ ಮೆಲ್ಲಗೆ ಶುರುಮಾಡಿದೆ.

“ಮಗಾ, ಕರಾಟೆಯಲ್ಲಿ ಎಂತಾ ಕಲಿಸಿದ್ರು?”

“ಡ್ರೆಸ್ ಹಾಕ್ಕಂಡು ಕಾಲೆತ್ತೂದು. ಆಮೇಲೆ ಬಿಚ್ಚಿ ಹಿಂದಿದ್ದವರಿಗೆ ಕೊಡೂದು.”

“ಮತ್ತೆ?”

“ಮತ್ತೆಂತಾ ಇಲ್ಲ.”

“ದುಂಡಗೆ ಕೂತ್ಕಂಡು ಮನಸ್ಸಿನ ಮಾತು ಹೇಳ್ತೀರಲ್ಲ, ಅದರಲ್ಲಿ?”

“ಅದರಲ್ಲಿ ನಗೂದು. ಟೀಚರ್ ಮೊಬೈಲ್ ಎತ್ತಿದ ಕೂಡ್ಲೆ.”

ಎಣ್ಣೆಯ ಕೈ ಅಲ್ಲೇ ನಿಂತಿತು. “ಯಾರಿಗಾದ್ರೂ ಅಳು ಬಂದ್ರೆ?”

“ಅಳೋರು ಆಚೆ ಕೂರೂದು. ಫೋಟೋದಲ್ಲಿ ಬರೂದಿಲ್ಲ ಅವರು.” ಅವಳು ಹಿಂದೆ ತಿರುಗಿ ಹೆಮ್ಮೆಯಿಂದ ಹೇಳಿದಳು, “ಮೊದಮೊದಲು ನಾನೂ ಆಚೆ ಕೂರ್ತಿದ್ದೆ ಆಯಿ. ಈಗ ಮುಂದೆ ಕೂರಿಸ್ತಾರೆ.”

ಗಂಡನಿಗೆ ಹೇಳಿದರೆ, ಮಕ್ಕಳು ಏನೇನೋ ಹೇಳುತ್ತವೆ ಎಂದು ಪೇಪರು ತಿರುವಿದರು. ಇರಬಹುದು. ಮಕ್ಕಳು ಕಥೆ ಕಟ್ಟುತ್ತವೆ. ಆದರೆ ಈ ಕಥೆಯಲ್ಲಿ ಅವ್ವಿಯ ಮರುಗದ ಎಸಳು ಸಾಕ್ಷಿಯಾಗಿತ್ತಲ್ಲ.

ಸೋಮವಾರ ಸ್ಕೂಟಿ ಹತ್ತಿ ಕಾಳಿ ಸೇತುವೆ ದಾಟಿ ಶಾಲೆಗೆ ಹೋದೆ. ಮುಖ್ಯೋಪಾಧ್ಯಾಯಿನಿ ಅನಘಾ ಮೇಡಮ್ಮು ಎದ್ದು ನಿಂತು ಸ್ವಾಗತಿಸಿದರು. ನಮ್ಮಂಥವರು ಬಂದರೆ ಎದ್ದು ನಿಲ್ಲುವ ಮೇಡಮ್ಮುಗಳ ಮೇಲೆ ನನಗೆ ಮೊದಲಿಂದಲೂ ಅನುಮಾನ.

ಅಬ್ಬೋಲಿಯ ವಿಷಯ ಹೇಳಿದೆ. ಅವರ ಮುಖ ಸ್ವಲ್ಪವೂ ಕೆಡಲಿಲ್ಲ.

“ನೀವು ಎಷ್ಟು ಸೂಕ್ಷ್ಮವಾಗಿ ಗಮನಿಸ್ತೀರಿ! ಹೌದು, ವಾರಕ್ಕೊಂದು ದಿನ ಎಲ್ಲ ಫೋಟೋ ಒಟ್ಟಿಗೇ ತೆಗೀತೇವೆ. ದಿನಾ ತೆಗೆದ್ರೆ ಮಕ್ಕಳ ಪಾಠಕ್ಕೆ ತೊಂದರೆ ಅಲ್ವಾ? ಕ್ಲಾಸುಗಳೆಲ್ಲ ಬೇರೆ ದಿನ ಸರಿಯಾಗಿ ನಡೀತವೆ.”

ಉತ್ತರ ಎಷ್ಟು ನುಣ್ಣಗಿತ್ತೆಂದರೆ ಹಿಡಿದುಕೊಳ್ಳಲು ಒಂದು ಜಾಗವೂ ಸಿಗಲಿಲ್ಲ. “ಹಾಗಾದ್ರೆ ಈಗ ಯಾವ್ದಾದ್ರೂ ಒಂದು ಕ್ಲಾಸು ನೋಡ್ಬೌದಾ?” ಎಂದೆ.

“ಪಾಲಕರನ್ನ ಒಳಗೆ ಬಿಡೂದಿಲ್ಲ. ಮಕ್ಕಳ ಸುರಕ್ಷತೆಯ ಪ್ರಶ್ನೆ, ನಿಮಗೆ ಗೊತ್ತಲ್ಲ.”

“ಅಳೋ ಮಕ್ಕಳನ್ನ ಆಚೆ ಕೂರಿಸ್ತೀರಂತೆ?”

ಈ ಸಲ ಮೇಡಮ್ಮು ಪೆನ್ನಿನ ಟೊಪ್ಪಿ ತೆಗೆದು ಮತ್ತೆ ಹಾಕಿದರು. “ಅವರಿಗೆ ಸಮಾಧಾನ ಆಗ್ಲಿ ಅಂತ ಸ್ವಲ್ಪ ಹೊತ್ತು ಪ್ರತ್ಯೇಕ ಕೂರಿಸೂದು ಅಷ್ಟೆ. ನಿಮ್ಮ ಮಗಳನ್ನೇ ನೋಡಿ. ಬಂದಾಗ ಹೇಗಿದ್ಲು, ಈಗ ಹೇಗಿದ್ದಾಳೆ!” ಎಂದು ತಮ್ಮ ಮೊಬೈಲನ್ನು ನನ್ನತ್ತ ತಿರುಗಿಸಿದರು. ಅದರಲ್ಲಿ ನನ್ನ ಮಗಳು ಅಬ್ಬೋಲಿ ಮುಡಿದು ನಗುತ್ತಿದ್ದಳು.

ಹೊರಗೆ ಬರುವಾಗ ಜಗಲಿಯ ಪಕ್ಕದ ಕೋಣೆಯ ಬಾಗಿಲು ತೆರೆದಿತ್ತು. ಮೊಳೆಗೆ ಒಂದೇ ಒಂದು ಕರಾಟೆ ದಿರಿಸು ನೇತಾಡುತ್ತಿತ್ತು. ಯಾರ ಮೈಗಾದರೂ ಕೂರಲಿ ಎಂದು ಬೆನ್ನ ಹಿಂದೆ ಸೇಫ್ಟಿ ಪಿನ್ನು ಚುಚ್ಚಿದ್ದರು. ಸಿಟ್ಟು ನೆತ್ತಿಗೇರಿತು. ಆದರೂ ಸೇತುವೆಯ ಮೇಲೆ ವಾಪಸು ಬರುವಾಗ ಮನಸ್ಸು ಗಂಡನ ಮಾತನ್ನೇ ಜಪಿಸುತ್ತಿತ್ತು. ಕರಾಟೆ ಹಾಳಾಗಿ ಹೋಗಲಿ. ಅಳು ನಿಂತದ್ದಂತೂ ಹೌದಲ್ಲ? ಶಾಲೆ ಬಿಡಿಸಿದರೆ ಆ ಅಳು ಮತ್ತೆ ಬಂದರೆ?

ಅಂದು ಸಂಜೆ ವ್ಯಾನಿನಿಂದ ಇಳಿದು ಅಂಗಳದಲ್ಲಿ ಓಡಿಬಂದವಳು ಚಿರೆಕಲ್ಲಿಗೆ ಎಡವಿ ಬಿದ್ದಳು. ಮೊಣಕಾಲು ಸುಲಿದು ರಕ್ತ ಬಂತು. ಬಾಯಿಬಿಟ್ಟು ಅತ್ತಳು. ಎಷ್ಟೋ ತಿಂಗಳ ಮೇಲೆ ಕೇಳಿದ ಅಳು. ಹೇಳಲು ನಾಚಿಕೆಯಾಗುತ್ತದೆ, ನನಗೆ ಒಳಗೊಳಗೇ ಸಮಾಧಾನವಾಯಿತು.

ಎತ್ತಿ ತಂದು ಮೆಟ್ಟಿಲ ಮೇಲೆ ಕೂರಿಸಿ, ನೀರು ಹಾಕಿ ತೊಳೆದೆ. ಗಾಯ ದೊಡ್ಡದೇ ಇತ್ತು. ಹೊಲಿಗೆ ಬೇಕಾದೀತೋ ಏನೋ ಎಂದು ಗಂಡನಿಗೆ ವಿಡಿಯೋ ಕಾಲ್ ಮಾಡಿದೆ. ಅವರು ಬಸ್ಸಿನಲ್ಲಿದ್ದರು. “ನೋಡಿ ಇಲ್ಲಿ, ಎಂತಾ ಮಾಡ್ಕಂಡದೆ ಇದು,” ಎನ್ನುತ್ತ ಮೊಬೈಲನ್ನು ಅವಳತ್ತ ಎತ್ತಿದೆ.

ಅಳು ಥಟ್ಟನೆ ನಿಂತಿತು.

ವಿಜೇತಾ ಬೆನ್ನು ನೆಟ್ಟಗೆ ಮಾಡಿದಳು. ಜಡೆಯನ್ನು ಮುಂದಕ್ಕೆ ಹಾಕಿಕೊಂಡಳು. ಕತ್ತನ್ನು ಒಂದು ಬದಿಗೆ ವಾಲಿಸಿ, ಹಲ್ಲು ಕಾಣುವಂತೆ ನಕ್ಕಳು. ಕೆನ್ನೆಯ ಮೇಲೆ ಕಣ್ಣೀರು ಹಾಗೇ ಇತ್ತು, ಮೊಣಕಾಲಿನಿಂದ ರಕ್ತ ಕಾಲ್ಬೆರಳಿನವರೆಗೆ ಇಳಿಯುತ್ತಿತ್ತು. ಕರಾಟೆಯ ಫೋಟೋದಲ್ಲಿ, ತೋಟದ ಫೋಟೋದಲ್ಲಿ, ಮನಸ್ಸಿನ ಮಾತಿನ ಫೋಟೋದಲ್ಲಿ ನಾನು ಕಂಡದ್ದು ಇದೇ ನಗು.

“ಎಂತಾ ಆಗ್ಲಿಲ್ಲ ಬಿಡು, ನಗ್ತಾ ಅದೆ,” ಎಂದರು ಗಂಡ ಅತ್ತಲಿಂದ.

ಫೋನು ಕಟ್ ಮಾಡಿ ಮೆಟ್ಟಿಲ ಮೇಲಿಟ್ಟೆ. ಅವಳ ನಗು ಇನ್ನೂ ಇಳಿದಿರಲಿಲ್ಲ. ತುಟಿ ಮಾತ್ರ ನಡುಗುತ್ತಿತ್ತು.

“ಆಯಿ, ಈಗ ಅಳಬೌದಾ?”

“ಅಳು ಮಗಾ, ಎಷ್ಟು ಬೇಕಾರೂ ಅಳು. ನಾಳೆಯಿಂದ ಆ ಶಾಲೆಗೆ ಹೋಗೂದೇ ಬೇಡ.”

ಅವಳು ಅಳಲಿಲ್ಲ. ಮೆಟ್ಟಿಲ ಮೇಲಿದ್ದ ಮೊಬೈಲನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿದಳು. ನಾನು ಅದನ್ನೆತ್ತಿ ಒಳಗೆ ಅಕ್ಕಿ ಡಬ್ಬಿಯ ಹಿಂದೆ ಇಟ್ಟು ಬಂದೆ. ಎರಡೂ ಕೈ ಬಿಡಿಸಿ ತೋರಿಸಿದೆ. ಆದರೂ ನನ್ನ ಮಗಳು ಕತ್ತು ಬಗ್ಗಿಸಿ, ನನ್ನ ಬೆನ್ನ ಹಿಂದೆ ಏನಾದರೂ ಇದೆಯೇ ಎಂದು ನೋಡಿದಳು.