ನಾಡಿದ್ದಿನ ಸಾವು

ತೊಮೆಕಿಚಿ ಬೆರಳನ್ನು ನೀರಿಗದ್ದಿ ಅಚ್ಚಿನ ಮರದ ಹಲಗೆಯ ಮೂಲೆಯನ್ನು ಉಜ್ಜತೊಡಗಿದ. ಮಗುಚಿ ಅಂಟಿಸಿದ್ದ ಚಿತ್ರದ ಕಾಗದ ಎಳೆಎಳೆಯಾಗಿ ಸುರುಳಿ ಸುತ್ತಿ ಎದ್ದಿತು.

"ಏಯ್, ಅದನ್ಯಾಕೆ ಮುಟ್ತೀಯ? ತಲೆ ಮಾತ್ರ ನಿಂದು ಅಂದಿದ್ನಲ್ಲ," ಎಂದ ಪ್ರಕಾಶಕ ಗೆನ್‌ಶಿಚಿ.

"ಕೈ ಅಭ್ಯಾಸ, ಯಜಮಾನ್ರೇ."

ಅಭ್ಯಾಸವೇನಲ್ಲ. ಎದೊ ನಗರದ ಅಚ್ಚುಮನೆಗಳಲ್ಲಿ ನಟರ ಮುಖ, ಕೂದಲು ಕೆತ್ತುವುದು ತೊಮೆಕಿಚಿಯಂಥ ಹಿರಿಯರ ಪಾಲು. ಬಟ್ಟೆ, ಅಕ್ಷರ ಕಿರಿಯರದು. ಆದರೆ ಗೆನ್‌ಶಿಚಿ ಎಂದೂ ಹಲಗೆಯನ್ನು ತಾನೇ ಹೊತ್ತು ತಂದವನಲ್ಲ, ಬಾಗಿಲು ಮುಚ್ಚಿಸಿ ಪಕ್ಕದಲ್ಲೇ ಕೂತವನಂತೂ ಅಲ್ಲ. ಕೊಟ್ಟ ಚಹಾ ಹಾಗೇ ಆರಿಹೋಗಿತ್ತು.

ಹಲಗೆಯ ಮೇಲಿನ ಮುಖ ನಟ ಸೆನ್ನೊಜೊನದು. ಆ ಗಿಳಿಮೂಗು ಇನ್ನಾರಿಗಿದೆ? ಕುತ್ತಿಗೆಯ ಕೆಳಗೆ ಜಪಮಾಲೆ ಕಂಡಿತ್ತು, ಬೆನ್ನ ಹಿಂದೆ ಕಮಲ. ನಟನೊಬ್ಬ ಸತ್ತ ಸುದ್ದಿ ಹಬ್ಬಿದೊಡನೆ ಬೀದಿಯಲ್ಲಿ ಮಾರುತ್ತಾರಲ್ಲ, ಆ ಸಾವಿನ ಚಿತ್ರ. ಮೊದಲು ತಂದವನ ಅಂಗಡಿಗೆ ಜನ ಮುಗಿಬೀಳುತ್ತಾರೆ.

ಮೂಲೆಯಲ್ಲಿ ಅಕ್ಷರಗಳು ಮೂಡಿದವು. ತಿರುಗುಮುರುಗಾದ ಬರಹ ಓದಿಯೇ ಅವನ ಕಣ್ಣು ಸವೆದಿತ್ತು. ಎಂಟನೆಯ ತಿಂಗಳು, ಒಂಬತ್ತನೆಯ ದಿನ ನಿಧನ.

ಇವತ್ತು ಏಳು.

"ಒತಕೆ," ಅವನು ಒಳಗಿದ್ದ ಹೆಂಡತಿಯನ್ನು ಕೂಗಿದ, "ಸೆನ್ನೊಜೊಗೆ ಮೈ ಸರಿಯಿಲ್ವಂತೆ, ಹೌದಾ?"

"ಯಾರಂದ್ರು? ಬೆಳಿಗ್ಗೆ ಸೇತುವೆ ಹತ್ರ ಸುಟ್ಟ ಹಾವುಮೀನು ತಿಂತಾ ಕೂತಿದ್ರು. ಎರಡು ಬಟ್ಟಲು! ನಾಡಿದ್ದು ಶಿಷ್ಯ ದೋಣೀಲಿ ಊಟ ಹಾಕಿಸ್ತಾನಂತೆ, ಅದಕ್ಕೆ ಇವತ್ತಿಂದ್ಲೇ ಹೊಟ್ಟೆ ಹಿಗ್ಗಿಸ್ತಿದೀನಿ ಅಂತ ನಗ್ತಿದ್ರು."

ಗುರುವಿನ ರಂಗದ ಹೆಸರೂ ಪಟ್ಟವೂ ಅವನ ನಂತರ ಯಾವಾಗ ತನಗೆ ಬಂದೀತು ಎಂದು ಬಾಯಿಬಿಟ್ಟುಕೊಂಡು ಕಾಯುತ್ತಿದ್ದ ಶಿಷ್ಯ ಅವನು. ಆ ಶಿಷ್ಯನ ಚಿತ್ರಗಳನ್ನೆಲ್ಲ ಅಚ್ಚು ಹಾಕಿಸುವವನು ಗೆನ್‌ಶಿಚಿ.

"ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಯೋರನ್ನ ನೋಡಿದೀನಿ," ಎಂದ ತೊಮೆಕಿಚಿ ಮೆಲ್ಲಗೆ. "ಇದ್ಯಾವ ಸೀಮೆ ಕುಲಾವಿ?"

"ಒಳಗಿನ ಕಾಯಿಲೆ ಕಣೋ. ಹೊರಗೆ ಕಾಣಲ್ಲ. ವೈದ್ಯ ಹೇಳಿದ."

"ಯಾವ ವೈದ್ಯ?"

"ನಿಂಗ್ಯಾಕೆ?"

"ಸಾಯೋ ದಿನಾನೂ ಹೇಳಿದ್ನಾ?"

ಗೆನ್‌ಶಿಚಿ ಬೀಸಣಿಗೆ ಮಡಚಿದ. "ಬರೆದೋನು ಏನೋ ತಪ್ಪು ಹಾಕಿದಾನೆ. ಬೇಕಾದ್ರೆ ಒಂಬತ್ತನ್ನ ಕಿತ್ಹಾಕು."

"ಕಿತ್ತು ಏನು ಹಾಕ್ಲಿ?"

ಗೋಡೆಯಾಚೆ ಯಾರೋ ಕೆಮ್ಮಿದರು. ಗೆನ್‌ಶಿಚಿ ಆ ಕಡೆ ತಟ್ಟನೆ ತಿರುಗಿ ನೋಡಿದ. ಪಕ್ಕದ ಮನೆಯ ಮುದುಕ ದಿನವೂ ಕೆಮ್ಮುವ ಕೆಮ್ಮೇ ಅದು.

"ನೋಡು ತೊಮೆಕಿಚಿ," ಅವನು ಹತ್ತಿರ ಸರಿದ, ದನಿಗೆ ಬೆಣ್ಣೆ ಹಚ್ಚಿಕೊಂಡು. "ಈ ಸಲ ನಿನ್ನ ಹೆಸರು ಕೆತ್ಕೋ. ಚಿತ್ರ ಬರೆದೋನ ಹೆಸರಿನ ಪಕ್ಕದಲ್ಲೇ. 'ತಲೆ ಕೆತ್ತಿದವನು ತೊಮೆಕಿಚಿ.' ಊರೆಲ್ಲ ಓದ್ಲಿ."

ಮೂವತ್ತು ವರ್ಷ. ಹಣೆಯಂಚಿನ ಒಂದೊಂದು ಕೂದಲನ್ನೂ ಉಸಿರು ಬಿಗಿಹಿಡಿದು ಬಿಡಿಸಿದ್ದ; ಒಂದು ಹಾಳೆಯಲ್ಲೂ ಅವನ ಹೆಸರಿಲ್ಲ. ಎರಡು ಸಲ ಬಾಯಿಬಿಟ್ಟು ಕೇಳಿದ್ದ, ಇದೇ ಗೆನ್‌ಶಿಚಿಯನ್ನು. ಎರಡು ಸಲವೂ ಅವನು ನಕ್ಕಿದ್ದ.

ಈಗ ನಗುತ್ತಿರಲಿಲ್ಲ. ಅವನ ಮೇಲ್ದುಟಿಯ ಮೇಲೆ ಬೆವರಿತ್ತು.

ಸೆನ್ನೊಜೊ ನಾಡಿದ್ದು ಸತ್ತರೆ, ಕೊಲೆ ಗೊತ್ತಿದ್ದೂ ಸಾವಿಗಿಂತ ಮುಂಚೆ ಕೆತ್ತಿದವನ ಹೆಸರು ಆ ಮೂಲೆಯಲ್ಲೇ ಇರುತ್ತದೆ. ಕೆತ್ತದಿದ್ದರೆ ಇನ್ನೆಂದೂ ಎಲ್ಲಿಯೂ ಇರುವುದಿಲ್ಲ.

ತೊಮೆಕಿಚಿ ಕೆತ್ತನೆಯ ಕತ್ತಿಯನ್ನು ಒರೆಸಿ ಕೆಳಗಿಟ್ಟ. ಎರಡೂ ಕೈಯಿಂದ ಹಲಗೆಯನ್ನು ಗೆನ್‌ಶಿಚಿಯ ಮೊಣಕಾಲಿಗೆ ತಾಗುವಷ್ಟು ಹತ್ತಿರ ತಳ್ಳಿದ.

"ಬೇಡ," ಎಂದ. "ಹೆಸರೂ ಬೇಡ, ತಲೇನೂ ಬೇಡ. ನಾನು ಕೆತ್ತಲ್ಲ."